ರೊಟ್ಟಿ ಬಡಿದರೆ ಕುಣಿಯುವ ಎದೆ

ಗಣಿ ಜೋರಾಗಿದ್ದ ಆ ವರ್ಷಗಳಲ್ಲಿ ನಮ್ಮ ಹೊಸಪೇಟೆಯಲ್ಲಿ ಬಿಳಿ ಬಟ್ಟೆ ಅನ್ನುವುದೇ ಇರಲಿಲ್ಲ. ಸಂಡೂರಿನ ಕಡೆಯಿಂದ ಅದಿರು ತುಂಬಿದ ಲಾರಿಗಳು ಒಂದರ ಬಾಲ ಒಂದು ಹಿಡಿದು ಬರುತ್ತಿದ್ದವು. ಮಾಳಿಗೆಯ ಮೇಲೆ ಒಣಹಾಕಿದ ಪಂಚೆ, ಟವೆಲ್ಲು, ಕುಪ್ಪಸ ಎಲ್ಲವೂ ಸಂಜೆಗೆ ಕೆಂಪು. ನೀಲಿ ಹಾಕಿ ತಿಕ್ಕಿದರೂ ಹೋಗದ ಕೆಂಪು. ಹಾಗಾಗಿ ನನ್ನ ಒಳಗಿನ ಬಾಡಿಯ ಬಲಗಡೆ ಒಂದು ಕೆಂಗಂದು ಕಲೆ ಕಂಡಾಗ ನಾನು ಲಾರಿಯವರನ್ನು ಬೈದೆ. ಆ ಲಾರಿಗಳಲ್ಲಿ ನಮ್ಮ ಮನೆಯವೂ ಇದ್ದವು ಅನ್ನುವುದು ಬೇರೆ ಮಾತು.

ಒಗೆದೆ. ಮತ್ತೆ ಬಂತು. ಮತ್ತೆ ಒಗೆದೆ. ಬಟ್ಟೆಯನ್ನು ಒಳಗಿನ ಕೋಣೆಯಲ್ಲಿ ಒಣಹಾಕಿ ನೋಡಿದೆ. ಕಿಟಕಿ ಸಂದಿಯಿಂದ ಧೂಳು ಬರುತ್ತದೆಂದು ಕಿಟಕಿಗೆ ಹಳೆಯ ಸೀರೆ ಕಟ್ಟಿದೆ. ಮಹಾನವಮಿಯ ದಿನ ಕವರಿನಿಂದ ಆಗಷ್ಟೇ ತೆಗೆದ ಹೊಸ ಬಾಡಿ ಹಾಕಿಕೊಂಡಿದ್ದೆ. ನೀರು, ಬಿಸಿಲು ಏನೂ ಕಾಣದ್ದು. ಮಧ್ಯಾಹ್ನ ಸೀರೆ ಬದಲಿಸುವಾಗ ನೋಡಿದರೆ ಅದೇ ಜಾಗದಲ್ಲಿ, ಅದೇ ಬಣ್ಣ.

ಅದು ಧೂಳಾಗಿರಲಿಲ್ಲ.

ಇಲ್ಲಿಯ ಲೇಡಿ ಡಾಕ್ಟರು ಒತ್ತಿ ನೋಡಿ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಬಳ್ಳಾರಿಯಲ್ಲಿ ಮ್ಯಾಮೊಗ್ರಾಮ್, ಬೆಂಗಳೂರಿನಲ್ಲಿ ಬಯಾಪ್ಸಿ. ರಿಪೋರ್ಟ್ ಬಂದ ದಿನ ಡಾಕ್ಟರು ನಮ್ಮ ಮನೆಯವರನ್ನು ವರಾಂಡಕ್ಕೆ ಕರೆದು ಮೆಲ್ಲಗೆ ಹೇಳುತ್ತಿದ್ದರು. ನಾನು ಎದ್ದುಹೋಗಿ ಇಬ್ಬರ ನಡುವೆ ನಿಂತೆ.

“ನಂಗ ಹೇಳ್ರಿ. ಎದಿ ನಂದೈತಿ.”

ಪೂರ್ತಿ ತೆಗೆಯಬೇಕು ಎಂದರು. ಅದರ ಜೊತೆಗೇ, ಅದೇ ಟೇಬಲ್ ಮೇಲೆ, ಬೆನ್ನಿನ ಒಂದು ಸ್ನಾಯುವನ್ನು ಚರ್ಮ ಸಮೇತ ಕಂಕುಳದ ಕೆಳಗಿನಿಂದ ತಿರುಗಿಸಿ ತಂದು ಹೊಸ ಎದೆ ಕಟ್ಟಬಹುದು, ರೀಕನ್‌ಸ್ಟ್ರಕ್ಷನ್ ಎನ್ನುತ್ತಾರೆ ಎಂದರು. ಬೇಕೋ ಬೇಡವೋ ನೀವೇ ಹೇಳಿ ಎಂದರು. ನಾನು ಬೇಕು ಅಂದೆ. ಊರಿಗೆ ಬಂದು ಹೇಳಿದಾಗ ನಮ್ಮ ಅತ್ತೆ ನನಗೆ ಏನೂ ಅನ್ನಲಿಲ್ಲ. ಪಕ್ಕದ ಮನೆಯವಳಿಗೆ, ನನಗೆ ಕೇಳುವಷ್ಟು ಜೋರಾಗಿ, ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಈಕೆಗೆ ಎದೆ ಬೇಕಾಯಿತಂತೆ ಎಂದರು. ಅತ್ತೆ ಅದನ್ನು ಹೇಳಿದ್ದು ಕಟ್ಟಿಸಿದ ಹಲ್ಲಿನ ಬಾಯಿಂದ. ಹಲ್ಲು ಬಿದ್ದವರು ಹಲ್ಲು ಕಟ್ಟಿಸಿದರೆ ಯಾಕೆ ಎಂದು ಯಾರೂ ಕೇಳುವುದಿಲ್ಲ.

ಆಪರೇಷನ್ ಆಯಿತು. ಎದೆ ನೋಯುತ್ತದೆ ಎಂದುಕೊಂಡಿದ್ದೆ, ನೋವಾದದ್ದು ಬೆನ್ನು. ಅಂಗಾತ ಮಲಗುವಂತಿಲ್ಲ, ಮಗ್ಗುಲಾಗುವಂತಿಲ್ಲ. ಸೊಂಟಕ್ಕೆ ಡ್ರೇನ್ ಬಾಟಲಿ ಕಟ್ಟಿಕೊಂಡು ಮನೆ ತುಂಬ ತಿರುಗಿದೆ. ಆಮೇಲೆ ಕೀಮೋ. ತಲೆ ಬೋಳಾಯಿತು. ಜೋಳದ ಹಿಟ್ಟಿನ ವಾಸನೆಗೆ ವಾಂತಿ ಬರುತ್ತಿತ್ತು. ಹುಟ್ಟಿದಾಗಿನಿಂದ ಜೋಳ ತಿಂದವಳಿಗೆ ಜೋಳವೇ ಆಗದಂತಾಯಿತು. ಹೊಸ ಎದೆಯ ಮೇಲೆ ಬೆನ್ನಿನ ಚರ್ಮ ಮಾತ್ರ ಬೇರೆ ಬಣ್ಣದಲ್ಲಿ, ತೇಪೆ ಹಚ್ಚಿದ ಹಾಗೆ ಕಾಣುತ್ತಿತ್ತು. ಮುಟ್ಟಿದರೆ ಮುಟ್ಟಿದ್ದು ತಿಳಿಯುತ್ತಿರಲಿಲ್ಲ. ಆದರೂ ಸೆರಗು ಹೊದ್ದು ಕನ್ನಡಿ ಮುಂದೆ ನಿಂತರೆ ನಾನು ನಾನೇ ಆಗಿದ್ದೆ. ನನಗೆ ಅಷ್ಟು ಸಾಕಾಗಿತ್ತು.

ಬೆಂಗಳೂರಿನ ಆ ಸರ್ಜನ್ ತಿಂಗಳಿಗೊಮ್ಮೆ ನಮ್ಮೂರಿನ ಒಂದು ನರ್ಸಿಂಗ್ ಹೋಮಿಗೆ ಬರುತ್ತಿದ್ದರು. ಅಲ್ಲಿಯ ಸಿಸ್ಟರಿಗೆ ಒಂದು ಹುಚ್ಚು. ಒಂದೇ ಆಪರೇಷನ್ ಆದವರು ಒಂದೇ ಕಡೆ ಕೂತು ಮಾತಾಡಿಕೊಂಡರೆ ಮನಸ್ಸು ಹಗುರಾಗುತ್ತದೆಂದು ಆಕೆಗೆ ಯಾರೋ ಹೇಳಿಕೊಟ್ಟಿದ್ದರು. ಸಪೋರ್ಟ್ ಗ್ರೂಪ್ ಎನ್ನುತ್ತಿದ್ದಳು. ಡ್ರೆಸ್ಸಿಂಗ್ ರೂಮಿನ ಹೊರಗಿನ ಬೆಂಚೇ ಆ ಗ್ರೂಪು. ನನ್ನನ್ನು ತಂದು ಅಲ್ಲಿ ಕೂರಿಸಿದಳು.

ಮೊದಲೇ ಕೂತಿದ್ದವರು ಇಬ್ಬರು. ಒಬ್ಬರು ಕಂಪ್ಲಿಯ ಬಸಮ್ಮ. ಅಕ್ಕಿ ಗಿರಣಿ ಮನೆಯ ಹಿರಿಯ ಹೆಂಗಸು, ಕೈತುಂಬ ಬಂಗಾರ, ಕೂತ ಬೆಂಚೂ ತನ್ನದೇ ಅನ್ನುವ ಠೀವಿ. ಇನ್ನೊಬ್ಬಳು ಯಶವಂತನಗರದ ಹುಲಿಗೆಮ್ಮ. ಗಣಿ ಕಂಪನಿಯ ಮೆಸ್ಸಿನಲ್ಲಿ ಅಡುಗೆ ಮಾಡುವವಳು, ಗಂಡ ಅಲ್ಲೇ ಡ್ರೈವರು, ಆಪರೇಷನ್ ಆದದ್ದು ಕಂಪನಿಯ ಕಡೆಯಿಂದ. ನಾನು ಕೂತು ಇನ್ನೂ ಸೆರಗು ಸರಿಮಾಡಿಕೊಂಡಿರಲಿಲ್ಲ, ಬಸಮ್ಮ ನೇರ ನನ್ನ ಎದೆ ನೋಡಿದರು.

“ನಿಂದು ಸ್ವಲ್ಪ ಮ್ಯಾಲ ಕುಂತೈತಿ.”

“ನಿಮ್ದು ಕೆಳಗೈತ್ರಿ. ಎರಡೂ ಕೂಡಿಸಿದ್ರ ಸರಿ ಆಗ್ತಾವ,” ಅಂದೆ.

ಹುಲಿಗೆಮ್ಮ ಬಾಯಿಗೆ ಸೆರಗು ಹಿಡಿದುಕೊಂಡಳು. ನಮ್ಮ ಸಪೋರ್ಟ್ ಗ್ರೂಪು ಹೀಗೆ ಶುರುವಾಯಿತು.

ನನಗೆ ಆ ಇಬ್ಬರೂ ಬೇಕಾಗಿರಲಿಲ್ಲ. ಒಂದೇ ರೋಗ ಬಂದಿದೆಯೆಂದು ಅಕ್ಕತಂಗಿಯರಾಗಬೇಕೇನು? ಮುಂದಿನ ತಿಂಗಳುಗಳಲ್ಲೂ ಅಲ್ಲೇ ಕೂತೆವು. ಬಸಮ್ಮ ಗಿರಣಿಯ ಅಕ್ಕಿ ಹೊಗಳುವರು, ಸೊಸೆಯಂದಿರನ್ನು ಬೈಯುವರು. ನಾನು ನಮ್ಮ ಲಾರಿಗಳ ಸುದ್ದಿ ಎತ್ತುವೆ. ಹುಲಿಗೆಮ್ಮ ಸ್ಟೀಲ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳುವಳು. ಸಿಸ್ಟರು ಬಂದು ಹೇಗಿದ್ದೀರಿ ಎಂದರೆ ಮೂವರೂ ಒಟ್ಟಿಗೆ ಆರಾಮ್ ಎನ್ನುತ್ತಿದ್ದೆವು. ಆಕೆ ಖುಷಿಯಾಗಿ ಹೋಗುತ್ತಿದ್ದಳು.

ಕೀಮೋ ಮುಗಿದು ತಲೆಯಲ್ಲಿ ಮಖಮಲ್ಲಿನಂಥ ಕೂದಲು ಬಂದ ಮೇಲೆ, ಭಾರ ಎತ್ತಬೇಡಿ, ಉಳಿದ ಮನೆಗೆಲಸ ಮೆಲ್ಲಗೆ ಮಾಡಿ ಎಂದರು ಡಾಕ್ಟರು. ನಮ್ಮ ಮನೆಯಲ್ಲಿ ರೊಟ್ಟಿ ನನ್ನ ಕೆಲಸ. ಮನೆಯವರಿಗಲ್ಲದೆ ಲಾರಿಯ ಡ್ರೈವರು, ಕ್ಲೀನರುಗಳಿಗೂ ಬೆಳಗ್ಗೆಯೇ ಬುತ್ತಿ ಕಟ್ಟಬೇಕು. ಮದುವೆಯಾಗಿ ಬಂದ ವರ್ಷದಿಂದ ರೊಟ್ಟಿ ಬಡಿಯುವ ಹಲಗೆಯ ಮುಂದೆ ನಾನೇ ಕೂತದ್ದು. ನಾನು ಬಡಿದ ರೊಟ್ಟಿ ಹಿಡಿದರೆ ಆಚೆಗಿನ ಬೆಳಕು ಕಾಣಬೇಕು. ಆ ದಿನ ಬಿಸಿನೀರು ಬಿಟ್ಟು ಹಿಟ್ಟು ನಾದಿದೆ. ವಾಸನೆಗೆ ಹೊಟ್ಟೆ ತೊಳೆಸಲಿಲ್ಲ. ಉಂಡೆ ಹಲಗೆಯ ಮೇಲಿಟ್ಟು ಬಲಗೈಯಲ್ಲಿ ಬಡಿಯುತ್ತ ತಿರುಗಿಸಿದೆ.

ಎದೆ ಜಿಗಿಯಿತು.

ಕೈ ನಿಲ್ಲಿಸಿದೆ. ಅದೂ ನಿಂತಿತು. ಮತ್ತೆ ಬಡಿದೆ. ಸೆರಗಿನ ಒಳಗೆ ಅದು ಕಂಕುಳದ ಕಡೆ ಎಳೆದುಕೊಂಡು ಮೇಲಕ್ಕೆ ಹಾರಿತು, ಪ್ರತಿ ಏಟಿಗೂ, ತಾಳ ಹಾಕಿದ ಹಾಗೆ. ಒಲೆಯ ಆಚೆ ರೊಟ್ಟಿ ಬೇಯಿಸಲು ಕೂತಿದ್ದವಳು ಸುಮಾ, ನನ್ನ ಮೈದುನನ ಹೆಂಡತಿ. ಅವಳ ಕಣ್ಣು ನನ್ನ ಸೆರಗಿಗೇ ನೆಟ್ಟಿತ್ತು.

“ಅಕ್ಕಾ, ಅದೇನದು ಒಳಗ ಹೊಳ್ಳಾಡಾಕತ್ತೈತಿ?”

ಮಧ್ಯಾಹ್ನದೊಳಗೆ ಓಣಿಗೆಲ್ಲ ಗೊತ್ತಾಗಿತ್ತು. ಎದೆಯೊಳಗೆ ಏನೋ ಜೀವ ಹರಿದಾಡುತ್ತಿದೆ ಎಂದು ಕೆಲವರು, ರೋಗ ತಿರುಗಿ ಬಂದಿದೆ ಎಂದು ಕೆಲವರು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಈ ಸಲ ನನಗೇ ಹೇಳಿದರು.

“ನಿನ್ನ ಕೈಯಾಗಿನ ರೊಟ್ಟಿ ಬ್ಯಾಡ. ಹುಡುಗ್ರು ತಿಂತಾರ.”

ರೊಟ್ಟಿಗೆ ಬೇರೆ ಹೆಂಗಸು ಬಂದಳು. ದಪ್ಪ ರೊಟ್ಟಿ, ಅಂಚು ಬೇಯದ್ದು. ಎಲ್ಲರೂ ತಿಂದರು. ನಮ್ಮ ಮನೆಯವರೂ ತಿಂದರು. ಒಬ್ಬರೂ ಒಂದು ಮಾತು ಆಡಲಿಲ್ಲ. ಬೆನ್ನು ಕುಯ್ದಾಗಲೂ ನನಗೆ ಇಷ್ಟು ಉರಿದಿರಲಿಲ್ಲ.

ಒಳಗೊಳಗೇ ನಾನೂ ಅವರು ಹೇಳಿದ್ದನ್ನೇ ನಂಬಿದ್ದೆ. ರೋಗ ಬೇರು ಬಿಟ್ಟು ಎಳೆಯುತ್ತಿದೆ ಎಂದುಕೊಂಡೆ. ಹಳೆಯ ಪಂಚೆ ಹರಿದು ಎದೆಗೆ ಬಿಗಿಯಾಗಿ ಕಟ್ಟಿದೆ. ಅದು ಕುಣಿಯಬಾರದೆಂದು ಬಲಗೈಯನ್ನು ಪಕ್ಕೆಗೆ ಅಂಟಿಸಿಕೊಂಡೇ ತಿರುಗಿದೆ. ಕೈ ಹಾಗೇ ಬಿಗಿದು ಕೂತಿತು. ತಲೆ ಬಾಚಲು ಮೇಲೆತ್ತಿದರೆ ಕಣ್ಣಲ್ಲಿ ನೀರು. ಯಾರಿಗೂ ಹೇಳಲಿಲ್ಲ, ಕೇಳುವವರೂ ಇರಲಿಲ್ಲ. ತೆಗೆಸಿಬಿಡೋಣ ಅನ್ನಿಸಿತು. ಬೇಕು ಅಂದವಳು ನಾನೇ, ಬೇಡ ಅನ್ನುವುದೂ ನನ್ನ ಬಾಯಿಂದಲೇ ಆಗಲಿ.

ಮುಂದಿನ ಸಲ ನರ್ಸಿಂಗ್ ಹೋಮಿಗೆ ಹೋದಾಗ ಬೆಂಚಿನ ಹತ್ತಿರವೇ ನಿಂತು ಸಿಸ್ಟರಿಗೆ ಹೇಳಿದೆ, ಇವತ್ತು ಡಾಕ್ಟರಿಗೆ ಇದನ್ನು ತೆಗೆದುಬಿಡಿ ಎನ್ನುತ್ತೇನೆ ಎಂದು. ಬಸಮ್ಮನ ಕಿವಿ ಚುರುಕು.

“ಯಾಕವ್ವ, ಬ್ಯಾಸರಾತೇನು? ಮನ್ನಿ ಮನ್ನಿ ಕಟ್ಟಿಸಿಕೊಂಡೀದಿ.”

ಎಲ್ಲ ಸಿಟ್ಟೂ ಆ ಒಂದು ಮಾತಿಗೆ ಹೊರಬಂತು.

“ರೊಟ್ಟಿ ಬಡದ್ರ ಕುಣಿತೈತ್ರಿ ಇದು. ಸಾಕೇನು? ಕಂಪ್ಲಿ ತನಕ ಹೇಳ್ಕೊಂತ ಹೋಗ್ರಿ.”

ಹುಲಿಗೆಮ್ಮ ಡಬ್ಬಿಯನ್ನು ಬೆಂಚಿನ ಮೇಲಿಟ್ಟು ಎದ್ದಳು. ನನ್ನ ಎಡ ಮೊಣಕೈ ಹಿಡಿದು ಡ್ರೆಸ್ಸಿಂಗ್ ರೂಮಿಗೆ ಎಳೆದುಕೊಂಡು ಹೋದಳು. ಹಿಂದೆಯೇ ಬಸಮ್ಮ ಬಂದು ಚಿಲಕ ಹಾಕಿದರು. ಹುಲಿಗೆಮ್ಮ ಸೆರಗು ಸರಿಸಿ, ಪರೀಕ್ಷೆ ಮಾಡುವ ಟೇಬಲ್ಲಿನ ರಬ್ಬರ್ ಶೀಟಿನ ಮೇಲೆ ಅಂಗೈಯಿಂದ ಬಡಿದಳು. ರೊಟ್ಟಿ ಬಡಿಯುವ ಅದೇ ಏಟು.

ಅವಳದೂ ಕುಣಿಯಿತು.

“ಮೆಸ್ಸಿನಾಗ ಗೋಡಿ ಕಡೆ ಮುಖ ಮಾಡಿ ಬಡೀತೀನಿ. ಮ್ಯಾಲ ಟವೆಲ್ ಹೊದ್ದು,” ಅಂದಳು. “ಯಾರರ ಕೇಳಿದ್ರ ಥಂಡಿ ಅಂತೀನಿ.”

ನಾನು ಬಸಮ್ಮನನ್ನು ನೋಡಿದೆ. ಅವರು ಕಿಟಕಿಯ ಕಡೆ ತಿರುಗಿದ್ದರು. ಅವರ ಮನೆಯಲ್ಲಿ ರೊಟ್ಟಿ ಸೊಸೆಯಂದಿರ ಕೆಲಸ. ತಮ್ಮದೂ ಕುಣಿಯುತ್ತದೆಂದು ಅವರಿಗೆ ಗೊತ್ತಾದದ್ದು ಸೋಮವಾರದ ಭಜನೆಯಲ್ಲಿ, ಕೈತಾಳ ಹಾಕುವಾಗ. ಆವತ್ತಿನಿಂದ ಮಂಡಿನೋವು ಎಂದು ಸುಳ್ಳು ಹೇಳಿ ಭಜನೆ ಬಿಟ್ಟಿದ್ದರು. ರೋಗ ತಿರುಗಿತು ಎಂದು ತಿಳಿದು, ಬಂಗಾರವನ್ನು ಯಾರಿಗೆ ಯಾವುದು ಎಂದು ಮನಸ್ಸಿನಲ್ಲೇ ಹಂಚಿಯೂ ಆಗಿತ್ತಂತೆ.

ನನಗೆ ಅಳು ಬರಲಿಲ್ಲ. ಮೈಯೆಲ್ಲ ಸಿಟ್ಟು ಬಂತು. ಇಷ್ಟು ತಿಂಗಳು ಪಕ್ಕಪಕ್ಕ ಕೂತು ಅಕ್ಕಿ, ಲಾರಿ ಎಂದು ಹರಟಿದ್ದೇವೆ. ಒಂದು ಮಾತು ಹೇಳಿದ್ದರೆ ನಾನು ನನ್ನ ಹಲಗೆ ಬಿಟ್ಟು ಏಳುತ್ತಿರಲಿಲ್ಲ.

“ಯಾಕ ಹೇಳಲಿಲ್ರಿ ನೀವು?”

“ನೀನರ ಹೇಳಿದ್ದೇನು?” ಅಂದರು ಬಸಮ್ಮ.

ನಾನೂ ಟೇಬಲ್ಲಿನ ಹತ್ತಿರ ಹೋದೆ. ಸಿಸ್ಟರು ಬಂದು ಬಾಗಿಲು ಬಡಿಯುವ ಹೊತ್ತಿಗೆ ಮೂವರೂ ಆ ರಬ್ಬರ್ ಶೀಟಿನ ಮೇಲೆ ಬಡಿಯುತ್ತಿದ್ದೆವು. ನನ್ನ ಬಿಗಿದ ಕೈಯನ್ನು ಹುಲಿಗೆಮ್ಮನೇ ಎತ್ತಿ ಎತ್ತಿ ಇಡುತ್ತಿದ್ದಳು. ನೋವಿಗೆ ನಾನು ಅವಳನ್ನು ಬೈಯುತ್ತಿದ್ದೆ.

ಡಾಕ್ಟರಿಗೆ ಇದು ದೊಡ್ಡ ವಿಷಯವೇ ಅಲ್ಲ. ಬೆನ್ನಿನಿಂದ ತಂದದ್ದು ಕೈಯನ್ನು ಕೆಳಗೆ ಒತ್ತುವ, ಹತ್ತಿರ ಎಳೆಯುವ ಸ್ನಾಯು, ನರ ಹಾಗೇ ಇದೆ, ಅದಕ್ಕೆ ತನ್ನ ಜಾಗ ಬದಲಾದದ್ದು ಗೊತ್ತಿಲ್ಲ, ರೋಗ ಅಲ್ಲ ಎಂದರು. ಬರಬರುತ್ತ ಕಡಿಮೆಯಾಗಬಹುದು. ಭಾಳ ತೊಂದರೆಯಾದರೆ ನರ ಕತ್ತರಿಸಬಹುದು, ಚಿಕ್ಕ ಆಪರೇಷನ್. ಕೈ ಆಡಿಸದೆ ಇಟ್ಟದ್ದೇ ತಪ್ಪು ಎಂದು ನನ್ನ ಮೇಲೆ ರೇಗಿದರು. ಸ್ವಲ್ಪ ಮೂವ್‌ಮೆಂಟ್ ಇರುತ್ತದೆ ಅಂತ ಮೊದಲೇ ಹೇಳಿದ್ದೆನಲ್ಲ ಎಂದರು.

“ಮೂವ್‌ಮೆಂಟ್ ಅಂದ್ರ ಕೈದು ಅನ್ಕಂಡ್ವಿ ನಾವು,” ಅಂದರು ಬಸಮ್ಮ. “ರೊಟ್ಟಿ ಬಡದ್ರ ಎದಿ ಕುಣಿತೈತಿ ಅಂತ ಹೇಳಬೇಕ್ರಿ ಡಾಕ್ಟ್ರೇ.”

ಹೊರಗೆ ಬಂದು ಜೀಪು ಹತ್ತುವಾಗ ಅವರು ನನ್ನ ಕಡೆ ತಿರುಗಿದರು. “ಹಂಪಿಯೊಳಗ ಕಲ್ಲಿನ ಹೆಂಗಸ್ರಿಗೆ ಎದಿ ಮುರದಾವು. ಜನ ಟಿಕೇಟ್ ತಗಂಡು ನೋಡ್ತಾರ. ನಮ್ದು ಕುಣಿತಾವು, ಪುಕ್ಕಟ ಯಾಕ ತೋರಸ್ತೀ?”

ನಾನು ತೆಗೆಸಲಿಲ್ಲ. ಮರುದಿನ ಬೆಳಗ್ಗೆ ಅಡುಗೆಮನೆಗೆ ಹೋಗಿ, ರೊಟ್ಟಿಯ ಹೆಂಗಸಿಗೆ ಬೇಯಿಸುವ ಕೆಲಸ ಕೊಟ್ಟು, ಹಲಗೆಯ ಮುಂದೆ ಕೂತೆ. ಎದೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿದ್ದೆ. ಸುಮಾ ಬಂದು ನಿಂತಳು. ಚೆಂದಾಗಿ ನೋಡು ಸುಮಾ, ಓಣಿಯಲ್ಲಿ ಹೇಳುವಾಗ ತಪ್ಪಾಗಬಾರದು ಎಂದೆ. ಅವಳು ನೋಡಲಿಲ್ಲ, ಹೋದಳು. ಬಾಗಿಲಿಗೆ ಅತ್ತೆ ಬಂದರು. ಮತ್ತೆ ಯಾಕೆ ಬಂದೆ ಎಂದರು.

“ಅತ್ತಿ, ಇದು ನನ್ನ ಬೆನ್ನಿನ ಮಾಂಸ. ಇಷ್ಟು ವರ್ಷ ನಿಮ್ಮನಿ ರೊಟ್ಟಿ ಬಡದದ್ದು ಇದ. ಮುಂದ ಬಂದು ಕುಂತರೂ ಕೆಲಸ ಮರತಿಲ್ಲ.”

ಅತ್ತೆ ಆ ದಿನ ಅನ್ನ ಉಂಡರು. ಮರುದಿನವೂ ಅನ್ನವೇ. ಈಗಲೂ ನನ್ನ ಕಣ್ಣೆದುರು ನನ್ನ ರೊಟ್ಟಿ ಮುಟ್ಟುವುದಿಲ್ಲ. ನಾನು ಆಚೆ ಹೋದಾಗ ತಿನ್ನುತ್ತಾರೆ, ಬುಟ್ಟಿಯಲ್ಲಿ ಕಡಿಮೆಯಾಗಿರುತ್ತದೆ. ಮೊದಮೊದಲು ಕೈ ನೋವಿಗೆ ಒಂದೊಂದು ರೊಟ್ಟಿ ಹರಿದುಹೋಗುತ್ತಿತ್ತು. ಕೈಯ ಬಿಗಿ ಬಿಡುತ್ತಾ ಬಂದ ಮೇಲೆ ಒಂದು ದಿನ ನಮ್ಮ ಮನೆಯವರು ರೊಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ತೆಳ್ಳಗದಾವು ಅಂದರು. ಅಷ್ಟೇ. ಅವರ ಬಾಯಿಂದ ಅಷ್ಟು ಬಂದದ್ದೇ ಹೆಚ್ಚು.

ಇನ್ನೂ ಕೆಲವು ವರ್ಷ ಚೆಕಪ್ಪಿಗೆ ಹೋಗಬೇಕು. ಮಾಳಿಗೆಯಿಂದ ಬಟ್ಟೆ ತಂದಾಗ ಬಾಡಿಯ ಎಡಗಡೆ, ಉಳಿದ ಎದೆಯ ಕಡೆ, ಕೆಂಪು ಕಂಡರೆ ಮೊದಲು ಒದ್ದೆ ಬೆರಳಿಂದ ತಿಕ್ಕಿ, ಕೊಡವಿ, ಮೂಸಿ ನೋಡುತ್ತೇನೆ. ಇಲ್ಲಿಯತನಕ ಧೂಳೇ. ಈಗ ಧೂಳು ಕಂಡರೆ ಬೈಗುಳದ ಮೊದಲು ಉಸಿರು ಬರುತ್ತದೆ. ಆಮೇಲೆ ಬೈಯುತ್ತೇನೆ.

ಬೆಂಚಿಗೂ ಹೋಗುತ್ತೇನೆ. ಬಸಮ್ಮ ಇನ್ನೂ ನನ್ನ ಎದೆಯ ತಪ್ಪು ಹುಡುಕಿ ಹೆಸರಿಡುವುದು ಬಿಟ್ಟಿಲ್ಲ, ಭಜನೆಗೆ ಮಾತ್ರ ಮತ್ತೆ ಹೋಗುತ್ತಿದ್ದಾರೆ. ಹೋದ ತಿಂಗಳು ಸಿಸ್ಟರು ಚೋರನೂರಿನ ಕಡೆಯ ಒಬ್ಬ ಹೆಂಗಸನ್ನು ತಂದು ಕೂರಿಸಿದಳು. ಆಕೆ ಬೆಂಚಿನ ತುದಿಗೆ ಸರಿದು, ಬಲಗೈಯನ್ನು ಪಕ್ಕೆಗೆ ಅಂಟಿಸಿಕೊಂಡು, ನಮ್ಮ ಕಡೆ ನೋಡದೆ ಕೂತಳು. ಹೇಗಿದ್ದೀರಿ ಎಂದು ಸಿಸ್ಟರು ಕೇಳಿದ್ದಕ್ಕೆ ಆರಾಮ್ ಅಂದಳು. ನಮ್ಮ ಮೂವರನ್ನೂ ಕಂಡರಾಗದು ಎಂದು ಮುಖದಲ್ಲೇ ಬರೆದಿತ್ತು. ಆ ಮುಖ ನನಗೆ ಗೊತ್ತು.

ನಾನು ಎದ್ದುಹೋಗಿ ಆಕೆಯ ಪಕ್ಕಕ್ಕೆ, ಆಕೆಗೆ ಇನ್ನು ಸರಿಯಲು ಜಾಗ ಇರದಷ್ಟು ಹತ್ತಿರ ಕೂತೆ.

“ರೊಟ್ಟಿ ಬಡೀತೀರೇನು?” ಅಂದೆ.