ದಪ್ಪ ಮಾಡೋಕೆ ನಾಲ್ಕು ದಾರಿ

ನಮ್ಮ ಮನೆಯಲ್ಲಿ ಕನ್ನಡ ಬಾಯಲ್ಲಿತ್ತು, ಕೈಗೆ ಬಂದಿರಲಿಲ್ಲ. ಕೊಯಮತ್ತೂರಿನ ಸಿಂಗಾನಲ್ಲೂರಿನಲ್ಲಿ ಅಜ್ಜಿ ರಾಟೆ ತಿರುಗಿಸುತ್ತಾ ಆಡಿದ್ದನ್ನು ಕೇಳಿ ಕೇಳಿ ಕಲಿತ ಭಾಷೆ. ಶಾಲೆ ತಮಿಳು, ಅಂಗಡಿ ತಮಿಳು, ಬೈಗುಳ ಕೂಡ ಮುಕ್ಕಾಲು ತಮಿಳೇ. ಹಾಗಾಗಿ ಏನಾದರೂ ಗುಟ್ಟಾಗಿ ಬರೆದಿಟ್ಟುಕೊಳ್ಳಬೇಕು ಅಂದರೆ ಕನ್ನಡದ ಮಾತನ್ನು ತಮಿಳು ಅಕ್ಷರದಲ್ಲಿ ಬರೆಯುತ್ತಿದ್ದೆ. ತಿರುಪ್ಪೂರಿನ ನನ್ನ ನಿಟ್ಟಿಂಗ್ ಯೂನಿಟ್ಟಿನಲ್ಲಿ ಆ ಚೀಟಿ ಯಾರ ಕೈಗೆ ಸಿಕ್ಕರೂ ತಲೆಬುಡ ತಿಳಿಯುತ್ತಿರಲಿಲ್ಲ. ತಿಳಿಯುವವಳು ಊರಿಗೆಲ್ಲ ಒಬ್ಬಳೇ ಇದ್ದಳು, ನನ್ನ ಹೆಂಡತಿ. ಅದು ನನಗೆ ಹೊಳೆಯಲಿಲ್ಲ ನೋಡಿ.

ಚೀಟಿಯ ಕತೆಗೆ ಮುಂಚೆ ಚೀಟಿ ಹುಟ್ಟಿದ ಕತೆ ಹೇಳಬೇಕು.

ನನಗೆ ನಲವತ್ತೊಂದು ವರ್ಷ. ಒಂದು ಸಂಜೆ ಟೀ ಅಂಗಡಿಯಲ್ಲಿ ನನ್ನ ಗೆಳೆಯ, ಬಟ್ಟೆಗೆ ಬಣ್ಣ ಹಾಕುವ ಡೈಯಿಂಗ್ ಇಟ್ಟುಕೊಂಡವನು, ಗ್ಲಾಸು ಕೆಳಗಿಟ್ಟು ಕಿವಿಯ ಹತ್ತಿರ ಬಂದ. "ಮಚ್ಚಾನ್, ಆಪರೇಷನ್ ಇಲ್ಲ, ಕೊಯ್ಯೋದಿಲ್ಲ, ಹೊಲಿಯೋದಿಲ್ಲ. ಬರೀ ಸೂಜಿ. ಬೆಳಿಗ್ಗೆ ಹೋದರೆ ಮಧ್ಯಾಹ್ನ ಊಟಕ್ಕೆ ಮನೆಗೆ."

"ಯಾವುದಕ್ಕೋ?"

ಅವನು ನನ್ನ ಪಂಚೆಯ ಕಡೆ ಕಣ್ಣು ಇಳಿಸಿದ. "ಉದ್ದಕ್ಕಲ್ಲ. ಸುತ್ತಳತೆಗೆ."

ನಾನು ಸ್ಟೂಲನ್ನು ಅವನ ಹತ್ತಿರಕ್ಕೆ ಎಳೆದುಕೊಂಡೆ. ಯಾಕೆ ಅಂತ ಅವನಿಗೆ ಗೊತ್ತಿರಲಿಲ್ಲ. ಇಪ್ಪತ್ಮೂರನೇ ವಯಸ್ಸಿನಲ್ಲಿ ಕಾರಮಡೈ ಹತ್ತಿರ ನಮ್ಮ ಅತ್ತೆಯ ಮಕ್ಕಳ ಬಾಳೆತೋಟಕ್ಕೆ ಹೋಗಿದ್ದೆ. ಎಲ್ಲರೂ ಮೀಸೆ ಬಂದ ಗಂಡಸರೇ. ಪಂಪ್‌ಸೆಟ್ ತೊಟ್ಟಿಯಲ್ಲಿ ಸ್ನಾನ. ಒದ್ದೆ ಟವೆಲ್ ಜಾರಿತು. ಅತ್ತೆಯ ದೊಡ್ಡ ಮಗ ಅಂದ, "ಮಗ್ಗದೋರ ಮನೆಯವನು ಸರಿ, ನೂಲನ್ನ ಸೊಂಟಕ್ಕೇ ಕಟ್ಕೊಂಡು ಬಂದವ್ನೆ." ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಹದಿನೆಂಟು ವರ್ಷ ನಾನು ಯಾರ ಜೊತೆಗೂ ಸ್ನಾನಕ್ಕೆ ಇಳಿಯಲಿಲ್ಲ. ಮದುವೆಯಾಗಿ ಹನ್ನೆರಡು ವರ್ಷವಾದರೂ ದೀಪ ಆರಿಸದೆ ಬಟ್ಟೆ ಬದಲಿಸಿದವನಲ್ಲ. ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳೋಕೆ ಅಜ್ಜಿ ಕಲಿಸಿದ ಕನ್ನಡದಲ್ಲಿ ಮಾತೇ ಇರಲಿಲ್ಲ.

ಅವತ್ತಿನಿಂದ ಹತ್ತು ದಿನ ನಾನು ನೆಲದ ಮೇಲೆ ನಡೆಯಲಿಲ್ಲ. ಮಷೀನುಗಳು ತಿರುಗುತ್ತಿದ್ದವು, ನಾನು ಮೂಲೆಯಲ್ಲಿ ಫೋನು ಹಿಡಿದು ಓದುತ್ತಿದ್ದೆ. ನಿಟ್ಟಿಂಗ್‌ನವನಿಗೆ ಬರುವುದು ಒಂದೇ ವಿದ್ಯೆ. ನಾಲ್ಕು ಥರದ ಬಟ್ಟೆಯ ಸ್ಯಾಂಪಲ್ ಬಂದರೆ ಪಕ್ಕಪಕ್ಕ ಹಾಸಿ ನಾಲ್ಕಕ್ಕೂ ಅದೇ ಪ್ರಶ್ನೆ ಹಾಕೋದು. ದಪ್ಪ ಎಷ್ಟು ಬರುತ್ತೆ? ಒಗೆದರೆ ಎಷ್ಟು ಕುಗ್ಗುತ್ತೆ? ಮೇಲೆ ಗಂಟು ಬರುತ್ತಾ? ಬಣ್ಣ ಸರಿ ಬರದಿದ್ದರೆ ತೆಗೆಯೋಕಾಗುತ್ತಾ? ಅದೇ ಪ್ರಶ್ನೆಗಳನ್ನು ಸೂಜಿಗೂ ಹಾಕಿ, ಉತ್ತರಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡೆ.

ಒಂದು, ಮುಖದ ಸುಕ್ಕಿಗೆ, ತುಟಿಗೆ ಹಾಕುವ ಜೆಲ್. ಹಾಕಿದ ಕೂಡಲೇ ದಪ್ಪ ಕಾಣುತ್ತದೆ, ವರ್ಷ, ಒಂದೂವರೆ ವರ್ಷದಲ್ಲಿ ತಾನೇ ಕರಗಿಹೋಗುತ್ತದೆ, ಬೇಡ ಅನಿಸಿದರೆ ಇನ್ನೊಂದು ಸೂಜಿ ಹಾಕಿ ಬೇಗ ಕರಗಿಸಬಹುದು. ಎರಡು, ಮೈಯೇ ತನ್ನ ಮಾಂಸವನ್ನು ಬೆಳೆಸುವ ಹಾಗೆ ಎಬ್ಬಿಸುವ ಪುಡಿಯ ಮದ್ದು. ಮೂರು ನಾಲ್ಕು ಸಲ ಹೋಗಬೇಕು, ತಿಂಗಳುಗಟ್ಟಲೆ ಕಾಯಬೇಕು. ಮೂರು, ನಮ್ಮದೇ ಹೊಟ್ಟೆಯ ಕೊಬ್ಬು ತೆಗೆದು ಅಲ್ಲಿಗೆ ತುಂಬೋದು. ನಾಲ್ಕು, ಕಣ್ಣಿಗೆ ಕಾಣದಷ್ಟು ಸಣ್ಣ ಪ್ಲಾಸ್ಟಿಕ್ ಮಣಿಗಳಿರುವ ಮದ್ದು. ಒಂದು ಸಲ ಸೇರಿದರೆ ಜೀವನಪೂರ್ತಿ.

ಗೆಳೆಯ ಹೇಳಿದ ಮನುಷ್ಯ ಕೊಡುತ್ತಿದ್ದುದು ಈ ನಾಲ್ಕನೆಯದನ್ನು. ಕೊಯಮತ್ತೂರಿನಲ್ಲಿ ಒಂದು ಮಹಡಿಯ ಮೇಲೆ ಕೋಣೆ, ಬೋರ್ಡಿಲ್ಲ. ಶನಿವಾರ ಹನ್ನೊಂದು ಗಂಟೆಗೆ ಬಾ ಅಂದಿದ್ದ; ಅದನ್ನೂ ಚೀಟಿಯ ಕೆಳಗೆ ಬರೆದು ಅಂಗಿ ಜೇಬಿಗಿಟ್ಟೆ. ನನಗೋ ಶನಿವಾರ ಬರುವುದೇ ತಡವಾಗುತ್ತಿದೆ ಅನ್ನುವಷ್ಟು ಹುರುಪು. ಜೀವನಪೂರ್ತಿ ಅನ್ನೋ ಮಾತು ಕಿವಿಗೆ ಸಕ್ಕರೆಯ ಹಾಗಿತ್ತು.

ಗುರುವಾರ ಸಂಜೆ ಮನೆಗೆ ಬಂದರೆ ಹೆಂಡತಿ ಒಗೆಯೋ ಬಟ್ಟೆಗಳ ನಡುವೆ ಕೂತಿದ್ದಾಳೆ. ಕೈಯಲ್ಲಿ ನನ್ನ ಚೀಟಿ. ಅವಳು ಎಕ್ಸ್‌ಪೋರ್ಟ್ ಕಂಪನಿಯಲ್ಲಿ ಚೆಕಿಂಗ್ ಸೂಪರ್‌ವೈಸರ್. ದಿನಕ್ಕೆ ಸಾವಿರ ಬನಿಯನ್ ತಿರುಗಿಸಿ ಒಂದು ತೂತು ಹುಡುಕುವ ಕಣ್ಣು.

"ಏನುಂಗ," ಅಂದಳು. ನಮ್ಮ ಕಡೆ ಗಂಡನನ್ನು ಕರೆಯೋದೇ ಹಾಗೆ, ತಮಿಳಿನ ರೂಢಿ. ಆದರೆ ಅವತ್ತು ಅದರಲ್ಲಿ ಮರ್ಯಾದೆ ಒಂಚೂರೂ ಇರಲಿಲ್ಲ. "ತಪ್ಪ ಮಾಡೋಕೆ ನಾಲ್ಕು ದಾರಿ ಯಾಕೆ? ಒಂದು ಸಾಲ್ದಾ?"

ನನಗೆ ಅರ್ಥವಾಗಲಿಲ್ಲ. ಅವಳು ಓದತೊಡಗಿದಳು.

"ಮೊದಲನೇದು ಕರಗುತ್ತೆ. ಎರಡನೇದು ನಿಧಾನ. ಮೂರನೇದು ಸೊಂತ." ಅಂತ ಓದಿ ತಲೆ ಎತ್ತಿದಳು. "ನಮ್ಮ ಸೊಂತದಲ್ಲಿ ಯಾರು, ಹೇಳಿ! ಚಿಕ್ಕಪ್ಪನ ಕಡೆಯೋ, ಸೋದರಮಾವನ ಕಡೆಯೋ? ನಾಲ್ಕನೇದು ಒಂದು ಸಲ ಸೇರಿದರೆ ಬಿಡೋದಿಲ್ಲ. ಶನಿವಾರ ಹನ್ನೊಂದು ಗಂಟೆ. ಮನೇಲಿ ಹೇಳಬಾರ್ದು! ಹನ್ನೆರಡು ವರ್ಷ ಅಡುಗೆ ಮಾಡಿ ಹಾಕಿದ್ದಕ್ಕೆ ಪಟ್ಟಿ ಬೇರೆ ಬರ್ದಿಟ್ಟಿದೀರಿ!"

ಆಗ ಗೊತ್ತಾಯಿತು. ತಮಿಳಿನಲ್ಲಿ ದ ಬರೆಯೋಕೂ ತ ಬರೆಯೋಕೂ ಇರೋದು ಒಂದೇ ಅಕ್ಷರ. ನಾನು ಬರೆದದ್ದು ದಪ್ಪ, ಅವಳು ಓದಿದ್ದು ತಪ್ಪ, ಅಂದರೆ ಕದ್ದು ಮಾಡೋ ತಪ್ಪು. ಸೊಂತ ಅಂದರೆ ಸ್ವಂತದ್ದು ಅಂತ ನಾನು, ನೆಂಟರು ಅಂತ ಅವಳು, ತಮಿಳಿನಲ್ಲಿ ಎರಡೂ ಸರಿ. ನನ್ನ ಹೊಟ್ಟೆಯ ಕೊಬ್ಬು ಹೋಗಿ ಸೋದರಮಾವನ ಮಗಳಾಗಿತ್ತು.

ನಗು ಬಂತು. ನಗುವ ಹೊತ್ತಲ್ಲ ಅಂತ ಗೊತ್ತಿದ್ದೂ ತಡೆಯಲಾಗಲಿಲ್ಲ. ಅವಳು ಒದ್ದೆ ಬನಿಯನ್ ತೆಗೆದು ನನ್ನ ಮುಖಕ್ಕೆ ಎಸೆದಳು.

"ಅಮ್ಮಿಣಿ, ತಪ್ಪ ಅಲ್ಲ, ದಪ್ಪ. ದ, ದ, ದನದ ದ," ಅಂತ ಮುದ್ದಿನ ಹೆಸರಲ್ಲಿ ಕರೆದು ರಮಿಸಿದೆ.

"ಏನು ದಪ್ಪ?"

ಬನಿಯನ್ನನ್ನು ಮುಖದ ಮೇಲೆ ಹಾಗೇ ಇಟ್ಟುಕೊಂಡು, ಅದರೊಳಗಿನಿಂದಲೇ ಎಲ್ಲವನ್ನೂ ಹೇಳಿದೆ. ಪಂಪ್‌ಸೆಟ್, ನೂಲು, ದೀಪ, ಸೂಜಿ. ಹೇಳಿ ಮುಗಿಸಿ ಬನಿಯನ್ ತೆಗೆದು ನೋಡಿದರೆ ಅವಳ ಕಣ್ಣಲ್ಲಿ ನೀರು, ಬಾಯಲ್ಲಿ ನಗು.

"ದೀಪ ಆರಿಸ್ತಿದ್ದುದು ಅದಕ್ಕಾ? ಕರೆಂಟ್ ಬಿಲ್ಲಿಗೆ ಅಂದ್ಕೊಂಡಿದ್ದೆ."

"ನಿನಗೆ ಯಾವತ್ತೂ ಅನಿಸಿಲ್ವಾ?"

"ನಾನು ಟೇಪು ಹಿಡ್ಕೊಂಡು ಮಲಗ್ತೀನಾ?" ಅಂದಳು. ಆಮೇಲೆ ಚೀಟಿಯನ್ನು ಮತ್ತೆ ಕೈಗೆತ್ತಿಕೊಂಡು, ಈ ಸಲ ದ ಹಾಕಿ, ಮೊದಲಿನಿಂದ ಕೊನೆಯವರೆಗೆ ಓದಿದಳು. ಬೆರಳು ನಾಲ್ಕನೆಯದರ ಮೇಲೆ ನಿಂತಿತು. "ಇದು ಸರಿ ಬರಲಿಲ್ಲ ಅಂದ್ರೆ?"

"ಸರಿ ಬರುತ್ತೆ. ಜೀವನಪೂರ್ತಿ."

"ಸರಿ ಬರದೇ ಇರೋದೂ ಜೀವನಪೂರ್ತಿ ತಾನೇ?"

ಹತ್ತು ದಿನ ಓದಿದವನು ನಾನು, ಹತ್ತು ನಿಮಿಷದಲ್ಲಿ ತೂತು ಹುಡುಕಿದವಳು ಅವಳು. ಬೇಡ ಅಂತ ಅವಳು ಹೇಳಲಿಲ್ಲ. "ಶನಿವಾರ ಹೋಗೋಣ, ಆದರೆ ಬೋರ್ಡ್ ಇರೋ ಕಡೆ. ಇಬ್ಬರೂ," ಅಂದಳು. ಅವಳ ಅಪ್ಪನಿಗೆ ಮೂತ್ರಕೋಶದ ಕಲ್ಲು ತೆಗೆದ ಡಾಕ್ಟರು ಕೊಯಮತ್ತೂರಿನಲ್ಲಿದ್ದರು. ಫೋನು ಮಾಡಿದರೆ, ಹೌದು, ಈ ಸೂಜಿಯನ್ನೂ ಹಾಕುತ್ತಾರೆ, ಬಂದು ಮಾತಾಡಿ ಅಂದರು.

ಡಾಕ್ಟರಿಗೆ ಅರವತ್ತರ ಹತ್ತಿರ ವಯಸ್ಸು. ಪರದೆಯ ಹಿಂದೆ ಪರೀಕ್ಷೆ ಮಾಡಿ ಕೈ ತೊಳೆಯುತ್ತಾ ತಮಿಳಿನಲ್ಲಿ ಹೇಳಿದರು, "ಅಳತೆ ಸರಿಯಾಗೇ ಇದೆ. ಹೆಚ್ಚಿನ ಗಂಡಸರು ಹೀಗೇ ಇರೋದು. ನಿಮಗೆ ಇದು ಬೇಕಾಗಿಲ್ಲ."

"ಬೇಕಾಗಿಲ್ಲ ಅಂತ ಗೊತ್ತಾಯ್ತು ಸಾರ್," ಅಂದೆ. "ಆದರೂ ಬೇಕು."

ಅವರು ನಕ್ಕು ಕೂತರು. ಆಗ ನನ್ನ ಹೆಂಡತಿ ಕೈಚೀಲದಿಂದ ಚೀಟಿ ತೆಗೆದಳು. ಆಮೇಲಿನ ಅರ್ಧ ಗಂಟೆ ನಾನು ಯಾರೋ, ಮೇಜಿನ ಮೇಲೆ ಹಾಸಿದ ಸ್ಯಾಂಪಲ್ ಪೀಸು.

"ಸಾರ್, ಶ್ರಿಂಕೇಜ್ ಹೇಗೆ?"

"ಇಷ್ಟು ವರ್ಷದಲ್ಲಿ ಇದನ್ನ ಯಾರೂ ಕೇಳಿರಲಿಲ್ಲಮ್ಮ," ಅಂದರು ಡಾಕ್ಟರು, ಖುಷಿಯಾಗಿ. ಕೊಬ್ಬಿನದೇ ಹೆಚ್ಚು ಅಂದರು. ಮೈ ಅದನ್ನು ಒಂದು ಕಡೆ ಹೀರಿಕೊಂಡು ಇನ್ನೊಂದು ಕಡೆ ಬಿಟ್ಟರೆ ಉಬ್ಬುತಗ್ಗು. ಅದೂ ಅಲ್ಲದೆ ಹೊಟ್ಟೆಯಿಂದ ಕೊಬ್ಬು ತೆಗೆಯೋದು ಒಂದು ಸಣ್ಣ ಆಪರೇಷನ್ನೇ, ಬರೀ ಸೂಜಿ ಅನ್ನೋ ಲೆಕ್ಕಕ್ಕೆ ಬರೋದಿಲ್ಲ. ಪುಡಿಯ ಮದ್ದು ನಿಧಾನ, ಗಂಟಾದರೆ ಬೇಗ ಕರಗಿಸುವ ಉಪಾಯ ಇಲ್ಲ. ಜೆಲ್ಲಿನಲ್ಲೂ ಗಂಟು, ಊತ, ಸೋಂಕು ಆಗಬಹುದು, ಆದರೆ ಬೇಡವೆಂದರೆ ಕರಗಿಸುವ ಮದ್ದಿದೆ. ಇವೆಲ್ಲ ಮುಖಕ್ಕೋ ಬೇರೆ ಕಡೆಗೋ ಅಂತ ಬಂದ ಮದ್ದುಗಳು, ಈ ಜಾಗಕ್ಕೇ ಅಂತ ಒಪ್ಪಿಗೆ ಪಡೆದವಲ್ಲ, ಅದನ್ನು ತಿಳಿದೇ ಒಪ್ಪಬೇಕು ಅಂತಲೂ ಬಿಡಿಸಿ ಹೇಳಿದರು.

"ಬೋರ್ಡಿಲ್ಲದ ಮಹಡಿಯವನೊಬ್ಬ ಇವರಿಗೆ ಹಾಕ್ತೀನಂದಿದ್ದ ನಾಲ್ಕನೇದು ರಿಜೆಕ್ಟ್ ಆದರೆ ತೆಗೆದು ರೀಪ್ರೋಸೆಸ್ ಮಾಡಬಹುದಾ ಸಾರ್?"

"ಕತ್ತಿಯಿಂದಲೇ. ಆಗಲೂ ಪೂರ್ತಿ ಬರೋದಿಲ್ಲ." ಡಾಕ್ಟರ ನಗು ಹೋಯಿತು. "ಆ ಮಹಡಿಯವನು ಹಾಕೋದು ನಿಜವಾಗಿ ಮಣಿಯ ಮದ್ದೇ ಅಂತ ಏನು ಗ್ಯಾರಂಟಿ? ಬಾಟಲಿಗೆ ಲೇಬಲ್ ಇತ್ತಾ? ಸಿಲಿಕಾನ್ ಎಣ್ಣೆ ಚುಚ್ಚಿಸಿಕೊಂಡು ಇದೇ ಕುರ್ಚಿಯಲ್ಲಿ ಅತ್ತವರನ್ನು ನೋಡಿದ್ದೀನಿ."

ಹೆಂಡತಿ ನನ್ನ ಕಡೆ ತಿರುಗಿದಳು. "ಲೇಬಲ್ ಇಲ್ಲದ ಒಂದು ಬನಿಯನ್ನನ್ನ ನಾನು ಪ್ಯಾಕಿಂಗಿಗೆ ಬಿಡಲ್ಲ. ನೀವು ಮೈಯೊಳಕ್ಕೆ ಬಿಡೋಕೆ ಹೊರಟಿದ್ರಿ."

ಅಲ್ಲೇ ಹೊರಗೆ ಬಂದು ಗೆಳೆಯನಿಗೆ ಫೋನು ಮಾಡಿದೆ. "ಮಚ್ಚಾನ್, ಬರಲ್ಲ ಅಂತ ಹೇಳಿಬಿಡು." ಹೆದರಿಕೊಂಡೆಯಾ ಅಂತ ಅವನು ರೇಗಿಸಿದ. "ಹೌದು," ಅಂದೆ. ಬೋರ್ಡಿಲ್ಲದ ಮೆಟ್ಟಿಲು ಹತ್ತಲು ಆ ಹೊತ್ತಿಗೆ ಬರೀ ಇಪ್ಪತ್ತು ನಿಮಿಷ ಉಳಿದಿತ್ತು.

ಡಾಕ್ಟರು ಅವತ್ತೇ ಸೂಜಿ ಹಾಕಲಿಲ್ಲ. ಒಂದು ತಿಂಗಳು ಬಿಟ್ಟು, ಆಗಲೂ ಮನಸ್ಸಿದ್ದರೆ ಬನ್ನಿ ಅಂದರು. ಆ ತಿಂಗಳಲ್ಲಿ ನಮ್ಮ ಮನೆಯಲ್ಲಿ ಏನೇನು ಮಾತಾಯಿತು ಅಂತ ಬರೆಯೋಕೆ ಹೋಗಲ್ಲ. ಹನ್ನೆರಡು ವರ್ಷದ್ದು ಬಾಕಿ ಇತ್ತು. ಒಂದು ದಿನ ಅವಳೇ ಕೇಳಿದಳು, "ನಾನು ಬೇಡ ಅಂದ್ರೆ ಬಿಡ್ತೀರಾ?" ಬಿಡ್ತೀನಿ ಅಂದೆ. "ನಾನು ಹಾಗೆ ಹೇಳಲ್ಲ. ನನಗೋಸ್ಕರ ಅಂತ ಮಾತ್ರ ಮಾಡಿಸ್ಕೋಬೇಡಿ. ಆಸೆ ನಿಮ್ಮದು, ನಿಮಗೋಸ್ಕರ ಮಾಡಿಸ್ಕೊಳ್ಳಿ. ಮೊದಲನೇದು ಮಾತ್ರ." ನನಗೆ ಆಸೆಯಿತ್ತು. ಅದನ್ನು ಬೆಳಕಿನಲ್ಲಿ ಒಪ್ಪಿಕೊಂಡ ಮೇಲೆ ಅದು ಇನ್ನೂ ಜೋರಾಯಿತು, ಕಡಿಮೆಯಾಗಲಿಲ್ಲ.

ತಿಂಗಳ ಮೇಲೆ ಹೋದೆವು. ಒಪ್ಪಿಗೆ ಪತ್ರವನ್ನು ಅವಳು ಸಾಲುಸಾಲಾಗಿ ಬೆರಳಿಟ್ಟು ಓದಿದಳು, ಎರಡು ಕಡೆ ನಿಲ್ಲಿಸಿ ನರ್ಸನ್ನು ಕೇಳಿದಳು, ಪೆಟ್ಟಿಗೆಯ ಮೇಲಿನ ಲೇಬಲ್ಲನ್ನೂ ತಾರೀಖನ್ನೂ ತರಿಸಿ ನೋಡಿದಳು. ಆಮೇಲೆ ನಾನು ಸಹಿ ಹಾಕಿದೆ. ಮರಗಟ್ಟಿಸುವ ಮದ್ದು ಹಚ್ಚಿದರು, ಜೆಲ್ಲನ್ನು ಸ್ವಲ್ಪವೇ ಹಾಕಿದರು. ನೋವಿಗಿಂತ ನನಗೆ ನಗುವೇ ಹೆಚ್ಚು ಬರುತ್ತಿತ್ತು. ಮಲಗಿದಲ್ಲೇ ಕಾಲಿನ ಬೆರಳು ಕುಣಿಸುತ್ತಿದ್ದೆ. "ಅಲ್ಲಾಡಬೇಡಿ," ಅಂತ ಡಾಕ್ಟರು ಗದರಿದರು. ಕೆಲವು ವಾರ ಹೆಂಡತಿಯ ಹತ್ತಿರ ಹೋಗಬೇಡಿ, ಕೆಲವು ದಿನ ಗಾಡಿ ಓಡಿಸಬೇಡಿ, ಕೆಂಪಾದರೆ, ಗಂಟು ಕಂಡರೆ, ಜ್ವರ ಬಂದರೆ ತಡ ಮಾಡದೆ ಬನ್ನಿ ಅಂದರು.

ತಿರುಪ್ಪೂರಿಗೆ ವಾಪಸು ಬರಲು ಸಿಂಗಾನಲ್ಲೂರಿನಲ್ಲಿ ಪಲ್ಲಡಂ ಕಡೆಯ ಬಸ್ಸು ಹತ್ತಿದೆವು. ಬಸ್ಸೆಲ್ಲ ಖಾಲಿ. ಅವಳು ಕಿಟಕಿ ಪಕ್ಕ ಕೂತಳು. ನಾನು ಕಂಬಿ ಹಿಡಿದು, ಕಾಲು ಒಂದಿಷ್ಟು ಅಗಲಿಸಿ ನಿಂತೆ. ಕಂಡಕ್ಟರ್ ಬಂದು ನೋಡಿದ, ಮುಂದೆ ಹೋಗಿ ತಿರುಗಿ ಮತ್ತೆ ನೋಡಿದ. "ಅಣ್ಣಾ, ಇಷ್ಟು ಸೀಟಿದೆ, ಕೂತ್ಕೊಳ್ಳಿ."

"ಅವರು ನಿಂತೇ ಬರ್ತಾರೆ ತಮ್ಮಾ," ಅಂದಳು ನನ್ನ ಹೆಂಡತಿ ತಮಿಳಿನಲ್ಲಿ. "ಎರಡು ಟಿಕೆಟ್ ಕೊಡಿ."

ಅವನು ಮುಂದೆ ಹೋದ ಮೇಲೆ ನನ್ನ ಮುಖ ನೋಡಿ ಕೇಳಿದಳು, "ಹೇಗಿದೆ?"

"ಉರೀತಿದೆ," ಅಂದೆ. ನಗು ತಡೆಯಲಾಗದೆ ಕಂಬಿಗೆ ಹಣೆ ಒತ್ತಿಕೊಂಡೆ.