ಸಂಡಿಗೆಯ ಜೊತೆ ಒಣಗಿದ ಹಾಡು

ಅಪ್ಪ ತೀರಿಕೊಂಡ ಮರುವರ್ಷ ತಾರ್ನಾಕದ ನಮ್ಮ ಬಾಡಿಗೆ ಮನೆಯ ಮಾಲೀಕರು ಬಂದು, ಜಾಗವನ್ನು ಅಪಾರ್ಟ್‌ಮೆಂಟ್ ಕಟ್ಟುವವರಿಗೆ ಕೊಟ್ಟಿದ್ದೇವೆ, ದೀಪಾವಳಿಯೊಳಗೆ ಖಾಲಿ ಮಾಡಿ ಎಂದರು. ಆಗ ಹೈದರಾಬಾದಿನಲ್ಲಿ ಎಲ್ಲರ ಮನೆಯಲ್ಲೂ ಅದೇ ಮಾತು. ಊರಾಚೆ ಬಂಡೆ ಒಡೆದು ಕಂಪ್ಯೂಟರ್ ಕಂಪನಿಗಳು ಎದ್ದಿದ್ದವು, ಅಲ್ಲಿ ದುಡಿಯುವವರು ಮಲಗಲಿಕ್ಕೆ ನಮ್ಮ ಓಣಿಗಳು ಬೇಕಾಗಿದ್ದವು. ನಾನೂ ಅವ್ವನೂ ಎರಡು ಕೋಣೆಯ ಫ್ಲ್ಯಾಟೊಂದನ್ನು ಹಿಡಿದೆವು. ಅದರಲ್ಲಿ ಅವ್ವನ ಉಪ್ಪಿನಕಾಯಿ ಭರಣಿಗಳಿಗೇ ಜಾಗ ಸಾಲದು, ಇನ್ನು ಅಪ್ಪನ ಹಾಡಿನ ತಟ್ಟೆಗಳ ಟ್ರಂಕನ್ನು ಎಲ್ಲಿಡುವುದು? ಕೊಟ್ಟುಬಿಡೋಣ ಎಂದು ಅವ್ವನೇ ಹೇಳಿದಳು.

ಅವು ಗ್ರಾಮಫೋನಿಗೆ ಹಚ್ಚುವ ಹಳೆಯ ಕಾಲದ ಅರಗಿನ ತಟ್ಟೆಗಳು. ಕೈಗೆ ಭಾರ, ನೆಲಕ್ಕೆ ಬಿದ್ದರೆ ಹೆಂಚಿನ ಹಾಗೆ ಚೂರು. ಅಪ್ಪ ಸನತ್‌ನಗರದ ಸಣ್ಣ ಕಾರ್ಖಾನೆಯೊಂದರಲ್ಲಿ ಫಿಟರ್ ಆಗಿದ್ದ. ಮನೆಮನೆಗೆ ರೇಡಿಯೋ ಬಂದು ಜನ ಹಾಡಿನ ಪೆಟ್ಟಿಗೆಗಳನ್ನು ಮಾರತೊಡಗಿದಾಗ, ಸುಲ್ತಾನ್ ಬಜಾರಿನ ಹಳೇ ಸಾಮಾನಿನ ಅಂಗಡಿಗಳಲ್ಲಿ ಹುಡುಕಿ ಒಂದೊಂದಾಗಿ ತಂದಿದ್ದ. ಪ್ರತಿ ಸಲ ಹಚ್ಚುವಾಗಲೂ ಪೆಟ್ಟಿಗೆಗೆ ಹೊಸ ಸೂಜಿ. ತಟ್ಟೆಯ ಅಂಚು ಬಿಟ್ಟು ಒಳಗೆ ಬೆರಳು ತಾಗಿಸಿದರೆ ಬೀಗರಾದರೂ ಬೈಸಿಕೊಳ್ಳಬೇಕು. ಬೇರೆ ಯಾವುದಕ್ಕೂ ದನಿ ಏರಿಸದ ಮನುಷ್ಯ ಇದೊಂದಕ್ಕೆ ಹುಲಿಯಾಗುತ್ತಿದ್ದ.

ಇಂಥವನ ಮನೆಗೆ ಅವ್ವ ಮದುವೆಯಾಗಿ ಬಂದದ್ದು ಬೇಸಿಗೆಯಲ್ಲಿ. ರಾಯಚೂರು ಕಡೆಯ ಹುಡುಗಿ. ವರ್ಷಕ್ಕೊಮ್ಮೆ ಮನೆಯೊಳಗಿನದೆಲ್ಲ ಮಾಳಿಗೆಯ ಮೇಲೆ ಬಿಸಿಲು ಕಾಣಬೇಕು ಎಂಬುದು ಅವಳ ತವರಿನ ಶಿಸ್ತು. ಜೋಳ, ತೊಗರಿ, ಹಾಸಿಗೆ, ರೇಷ್ಮೆ ಸೀರೆ, ಯಾವುದಕ್ಕೂ ವಿನಾಯಿತಿ ಇಲ್ಲ. ಅಪ್ಪ ಕೆಲಸಕ್ಕೆ ಹೋದ ಮೇಲೆ ಹೊಸ ಮದುವಣಗಿತ್ತಿ ಟ್ರಂಕು ತೆರೆದು ಮೂಸಿದಳು. ಮುಗ್ಗಲು ವಾಸನೆ. ಪಾಪ, ಒಂದೊಂದನ್ನೇ ಸೆರಗಿನಲ್ಲಿ ಒರೆಸಿ, ಮೇಲೆ ಹೊತ್ತುಕೊಂಡು ಹೋಗಿ, ಸಂಡಿಗೆಯ ಪಕ್ಕದಲ್ಲಿ ಧೋತರ ಹಾಸಿ ಸಾಲಾಗಿ ಒಣಹಾಕಿದಳು. ಮಧ್ಯಾಹ್ನ ಹೋಗಿ ಮಗುಚಿ ಹಾಕಿಯೂ ಬಂದಳಂತೆ.

ಸಂಜೆಗೆ ಸಂಡಿಗೆ ಒಣಗಿದ್ದವು, ತಟ್ಟೆಗಳು ಮೆತ್ತಗಾಗಿ ಹಪ್ಪಳದ ಹಾಗೆ ಅಲೆಅಲೆಯಾಗಿ ನಿಂತಿದ್ದವು. ಕೆಲಸದಿಂದ ಬಂದ ಅಪ್ಪ ಒಂದೊಂದನ್ನೇ ಎತ್ತಿ ನೋಡಿದ. ಆಮೇಲೆ, ಹೆಸರಿನ ಕೊನೆಗೆ ‘ಬಾಯಿ’ ಇದ್ದ ಯಾವಳೋ ಗಾಯಕಿ ಹಾಡಿದ್ದ ಒಂದನ್ನು ಪೆಟ್ಟಿಗೆಗೆ ಹಚ್ಚಿದ. ಸೂಜಿ ಏರಿತು, ಇಳಿಯಿತು, ಮತ್ತೆ ಏರಿತು. ದನಿಯೂ ಅದರ ಜೊತೆಗೇ ಕುಲುಕಿತು. ಅಪ್ಪ ನಗತೊಡಗಿದವನು ನಿಲ್ಲಿಸಲೇ ಇಲ್ಲ. ಓಣಿಯವರನ್ನೆಲ್ಲ ಕೂಗಿ ಕರೆದ.

"ಬರ್ರಿ ಬರ್ರಿ, ಬಾಯಾರು ಜಟಕಾದಾಗ ಕುಂತು ಹಾಡಾಕತ್ತಾರ!"

ಅವ್ವ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಅತ್ತಳು. ಅವತ್ತು ಉಣ್ಣಲಿಲ್ಲ. "ಇನ್ನೊಮ್ಮೆ ಇದು ನನ್ನ ಕಿವಿಗೆ ಬಿದ್ರ ನನ್ನ ಮ್ಯಾಲ ಆಣಿ," ಎಂದು ಗಂಡನಿಗೆ ಹೇಳಿದಳು. ಅಪ್ಪ ದಪ್ಪ ಗಾಜಿನ ಹಲಗೆಗಳನ್ನು ತಂದು, ನಡುವೆ ತಟ್ಟೆಗಳನ್ನಿಟ್ಟು, ಮತ್ತೆ ಹದವಾಗಿ ಬಿಸಿಲು ತೋರಿಸಿ ಎಲ್ಲವನ್ನೂ ನೆಟ್ಟಗೆ ಮಾಡಿದ. ಜಟಕಾದ ಬಾಯಿಯದು ಮಾತ್ರ ಬಾಗಿದ ಹಾಗೇ ಉಳಿಯಿತು. "ಇದು ನನ್ನ ಮಾತು ಕೇಳವಲ್ದು," ಎಂದು ಅದನ್ನು ಟ್ರಂಕಿನ ತಳಕ್ಕೆ ಸೇರಿಸಿದ. ನಾನು ಹುಟ್ಟಿ ಬೆಳೆದದ್ದು ಆ ಹಾಡನ್ನು ಒಮ್ಮೆಯೂ ಕೇಳದೆ.

ನನಗಿದು ನಗುವ ಕಥೆ. ಅವ್ವನಿಗೆ ಹಾಗಲ್ಲ. ಗಂಡ ಮೇಲೆ ನಕ್ಕು ತೇಲಿಸಿದ, ಒಳಗೆ ಕ್ಷಮಿಸಲಿಲ್ಲ ಎಂಬ ಕೊರಗು ಅವಳಿಗೆ ಹೋಗಲೇ ಇಲ್ಲ. ಅಪ್ಪ ಸತ್ತ ಮೇಲೆ ಅದು ಇನ್ನೂ ಬಲಿಯಿತು. "ಅವರು ಇದ್ದಾಗ ಕೇಳಬೇಕಿತ್ತು. ನಾ ಕೇಳಲಿಲ್ಲ," ಎಂದು ರೊಟ್ಟಿ ಬಡಿಯುತ್ತ ತನಗೆ ತಾನೇ ಅನ್ನುತ್ತಿದ್ದಳು. ನಾನು ಎಷ್ಟು ರೇಗಿಸಿದರೂ, ಎಷ್ಟು ಸಮಾಧಾನ ಹೇಳಿದರೂ ಕೇಳುವ ಹೆಂಗಸಲ್ಲ ಅವಳು.

ತಟ್ಟೆಗಳನ್ನು ಕೇಳಿಕೊಂಡು ಮೊದಲು ಬಂದವನು ಹೊಸ ಹೋಟೆಲೊಂದರ ಮ್ಯಾನೇಜರ್. ಗೋಡೆಗೆ ಸಾಲಾಗಿ ಬಡಿದರೆ ಗಿರಾಕಿಗಳಿಗೆ ಭಾಳ ಇಷ್ಟವಾಗುತ್ತದೆ ಎಂದು ಹಿಂದಿಯಲ್ಲಿ ಹೇಳಿದ. ಅವ್ವ ಚಹಾ ಕೊಟ್ಟು ಕಳಿಸಿದಳು. ಅವನು ಗೇಟು ದಾಟಿದ ಮೇಲೆ ನನ್ನತ್ತ ತಿರುಗಿ, "ಗ್ವಾಡಿಗೆ ಬಡಿಯಾಕ ಅವೇನು ಸತ್ತ ಹಿರೇರ ಫೋಟೋ ಏನ?" ಎಂದು ನನ್ನನ್ನೇ ಬೈದಳು. ಅವನನ್ನು ಕರೆತಂದವಳು ನಾನಲ್ಲವೇ.

ಎರಡನೆಯವರು ಸುಲ್ತಾನ್ ಬಜಾರಿನಲ್ಲಿ ಸೀರೆ ಅಂಗಡಿ ಇಟ್ಟಿದ್ದ ಬೀದರ್ ಕಡೆಯ ಸಾಹುಕಾರರು. ಇಂಥ ಪೆಟ್ಟಿಗೆಗಳನ್ನು ರಿಪೇರಿ ಮಾಡಿ ಮನೆಯಲ್ಲಿ ಹಾಡು ಹಚ್ಚುವ ಹುಚ್ಚು ಅವರಿಗೆ. ಭಾನುವಾರ ಬೆಳಿಗ್ಗೆ ಬಂದರು. ಕನ್ಯಾ ನೋಡಲು ಬಂದ ಬೀಗರಿಗೆ ಕೊಡುವ ಹಾಗೆ ಅವ್ವ ಅವಲಕ್ಕಿ, ಚಹಾ ಕೊಟ್ಟು, ದಿನಾ ಹಚ್ಚುತ್ತೀರೋ, ಮನೆಯವರು ಕೇಳುತ್ತಾರೋ, ಮಾಳಿಗೆ ಸೋರುತ್ತದೋ ಎಂದು ವಿಚಾರಿಸಿದಳು. ಅವರು ಎಲ್ಲದಕ್ಕೂ ತಾಳ್ಮೆಯಿಂದ ಉತ್ತರ ಕೊಟ್ಟು, ಕೈ ತೊಳೆದು ಒರೆಸಿಕೊಂಡು ಟ್ರಂಕಿನ ಮುಂದೆ ಕುಳಿತರು. ಒಂದೊಂದು ತಟ್ಟೆಯನ್ನೂ ಅಂಚಿನಲ್ಲೇ ಹಿಡಿದೆತ್ತಿದರು. ಅವ್ವನ ಮುಖ ಅರಳಿತು. ತಟ್ಟೆಗಳ ಮನೆ ಅಲ್ಲಿಗೇ ಗೊತ್ತಾಯಿತು.

ಕೊನೆಗೆ ಅವರ ಕೈ ಟ್ರಂಕಿನ ತಳದಲ್ಲಿ ಧೋತರದ ತುಂಡಿನಲ್ಲಿ ಸುತ್ತಿಟ್ಟಿದ್ದ ಒಂದಕ್ಕೆ ತಾಗಿತು.

"ಅದು ಬ್ಯಾಡ್ರಿ ಅಣ್ಣಾರ. ಅದು ಕೆಟ್ಟದ್ದು. ನನ್ನ ಕೈಯಾಗ ಕೆಟ್ಟದ್ದು," ಅಂದಳು ಅವ್ವ.

ಅವರು ಅಷ್ಟರಲ್ಲಿ ಬಿಚ್ಚಿಯಾಗಿತ್ತು. ಕಿಟಕಿಯ ಬೆಳಕಿಗೆ ಹಿಡಿದು ಹಿಂದೆ ಮುಂದೆ ವಾಲಿಸಿ ನೋಡಿದರು. ಪಕ್ಕದಲ್ಲಿ ಇನ್ನೊಂದನ್ನು ಹಿಡಿದರು.

"ಅಕ್ಕಾರ, ಇಲ್ಲಿ ನೋಡ್ರಿ. ಉಳಿದವೆಲ್ಲ ಕರ್ರಗ ಹೊಳಿಯಾಕತ್ತಾವ. ಇದು ಬೂದಿ ಬಣ್ಣಕ್ಕ ತಿರುಗೇತಿ. ಸೂಜಿ ಸವೆಸಿದ್ದರಿ ಇದು. ಈ ಟ್ರಂಕಿನಾಗ ಎಲ್ಲಕ್ಕಿಂತ ಹೆಚ್ಚು ಹಾಡಿದ್ದು ಇದೊಂದೇ."

"ಅದನ್ನ ಯಾರೂ ಹಚ್ಚಿಲ್ಲರಿ. ನಾ ಆಣಿ ಹಾಕಿದ್ದೆ. ಅದು ನೆಟ್ಟಗೂ ಆಗಲಿಲ್ಲ."

"ಆಗಲಾರದ್ದೇನು? ಇಷ್ಟು ಬಾಗಿದ್ದು ಗಾಜಿನ ನಡುವ ಇಟ್ರ ಆಗತಿತ್ತು. ನಿಮ್ಮ ಮನೆಯವರು ಮಾಡಿಲ್ಲ, ಅಷ್ಟೇ."

ಅವ್ವ ನನ್ನ ಕಡೆ ನೋಡಿದಳು. ನನಗೂ ಅದೇ ಹೊಳೆದಿತ್ತು. ಪ್ರತಿ ವರ್ಷ ನಾಗರ ಪಂಚಮಿಗೆ ಮಾಮ ಬಂದು ನಮ್ಮಿಬ್ಬರನ್ನೂ ಅವ್ವನ ತವರಿಗೆ ಕರೆದೊಯ್ಯುತ್ತಿದ್ದ. ಉಂಡಿ ತಿಂದು, ಜೋಕಾಲಿ ಆಡಿ, ನಾವು ತಿರುಗಿ ಬರುವಷ್ಟರಲ್ಲಿ ಎರಡು ವಾರ ಕಳೆದಿರುತ್ತಿತ್ತು. ರಜೆ ಸಿಗದ ಅಪ್ಪ ಒಬ್ಬನೇ ಮನೆಯಲ್ಲಿ. ಬಂದ ಕೂಡಲೇ ಅವ್ವ, "ಹಾಡು ಹಚ್ಚಿದ್ರೇನು?" ಅಂತ ಕೇಳಿದರೆ, "ನೀ ಇಲ್ಲದಾಗ ಎಲ್ಲೀ ಹಾಡು," ಎನ್ನುತ್ತಿದ್ದ. ಸುಳ್ಳುಗಾರ.

"ಪಂಚಮ್ಯಾಗ," ಅಂದಳು ಅವ್ವ. ಅವರ ಕೈಯಿಂದ ಆ ತಟ್ಟೆಯನ್ನು ಮಡಿಲಿಗೆ ತೆಗೆದುಕೊಂಡು, "ನನ್ನ ಕಿವಿಗೆ ಬೀಳಲಾರದಂಗ ಹಚ್ಯಾರ," ಅಂದಳು. ಕಣ್ಣು ತುಂಬಿತ್ತು. ನನಗೆ ಅಪ್ಪನ ಮೇಲೆ ಅವತ್ತು ಬಂದಷ್ಟು ಪ್ರೀತಿ ಅವನಿದ್ದಾಗ ಎಂದೂ ಬಂದಿರಲಿಲ್ಲ. ಹೆಂಡತಿ ಇಲ್ಲದ ಮನೆಯಲ್ಲಿ ಬೇಕಂತಲೇ ಅವಳ ತಪ್ಪನ್ನೇ ಹಚ್ಚಿಕೊಂಡು ಕುಳಿತಿರುತ್ತಿದ್ದನಲ್ಲ!

ಸಾಹುಕಾರರು ಉಳಿದ ತಟ್ಟೆಗಳನ್ನೆಲ್ಲ ಹಳೇ ಸೀರೆಗಳಲ್ಲಿ ಸುತ್ತಿ ಆಟೋಕ್ಕೆ ಸಾಗಿಸಿದರು. ಕೊನೆಗೆ ಪೆಟ್ಟಿಗೆಗೆ ಕೈಹಾಕಿದಾಗ ಅವ್ವ, "ಅದಿರ್ಲಿರಿ," ಅಂದಳು. ಕೊಡುತ್ತೇನೆಂದು ಮಾತು ಕೊಟ್ಟದ್ದು, ತಪ್ಪುವ ಸ್ವಭಾವ ಅವಳದಲ್ಲ. ಹಾಗಾಗಿ ದನಿ ಸಣ್ಣಗಿತ್ತು. ಅವರು ಅವಳನ್ನು ನೋಡಿದರು, ಮಡಿಲಲ್ಲಿದ್ದ ಆ ಒಂದು ತಟ್ಟೆಯನ್ನು ನೋಡಿದರು. ಜೇಬಿನಿಂದ ಸೂಜಿಗಳ ಪುಟ್ಟ ಡಬ್ಬಿ ತೆಗೆದು ಪೆಟ್ಟಿಗೆಯ ಮೇಲಿಟ್ಟು, "ಬರ್ತೀನ್ರಿ ಅಕ್ಕಾರ," ಎಂದು ಕೈಮುಗಿದು ಹೊರಟರು.

ಆಟೋ ತಿರುವು ದಾಟಿತು. ಪೆಟ್ಟಿಗೆಯನ್ನು ಫ್ಲ್ಯಾಟಿನಲ್ಲಿ ಎಲ್ಲಿಡುತ್ತೀ ಎಂದು ಕೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ, "ಯವ್ವಾ, ಮನ್ಯಾಗ ಕಾಯಿಪಲ್ಯ ಇಲ್ಲ. ಹೋಗಿ ತಗೊಂಡು ಬಾ," ಅಂದಳು.

ಅಡುಗೆಮನೆಯ ಬುಟ್ಟಿಯಲ್ಲಿ ಬದನೆಕಾಯಿ, ಬೆಂಡೆಕಾಯಿ ತುಂಬಿತ್ತು. ಹಿಂದಿನ ದಿನ ನಾನೇ ತಂದದ್ದು. ಚೀಲ ತೆಗೆದುಕೊಂಡು ಹೊರಬಿದ್ದೆ.

ಗೇಟಿನ ಹತ್ತಿರ ಬರುವಾಗ ಒಳಗೆ ಪೆಟ್ಟಿಗೆಯ ಹಿಡಿಕೆ ತಿರುಗುವ ಕಿರ್ರಕಿರ್ರ ಕೇಳಿತು. ಆಮೇಲೆ ಸುಂಯ್ ಎಂಬ ಸದ್ದು. ಅದರೊಳಗಿಂದ ಬಾಯಾರು ಏಳುತ್ತ ಬೀಳುತ್ತ, ಕುಲುಕಾಡುತ್ತ ಬಂದರು. ನಿಜವಾಗಿಯೂ ಜಟಕಾದಲ್ಲಿ ಕುಳಿತ ಹಾಗೆಯೇ ಇತ್ತು. ಹಿಂದೆಯೇ ಅವ್ವ ನಕ್ಕದ್ದು ಕೇಳಿತು, ತಡೆಯಲಾಗದೆ, ದೊಡ್ಡ ದನಿಯಲ್ಲಿ. ನಾನು ಗೇಟನ್ನು ಸದ್ದಾಗದಂತೆ ಎಳೆದುಕೊಂಡು, ಬೇಡದ ಕಾಯಿಪಲ್ಯ ತರಲು ಹೊರಟೆ.