ಎರಡು ಮಂತ್ರಾಲಯ, ಒಬ್ಬರೇ ಕಾಕಾ

ನನಗೆ ಎಲ್ಲರ ಧ್ವನಿಯೂ ಬರುತ್ತದೆ, ನನ್ನದೊಂದನ್ನು ಬಿಟ್ಟು. ಅಮ್ಮ ತುಳುವಿನಲ್ಲಿ ಬೈಯುವುದನ್ನು ಅಮ್ಮನಿಗೇ ಬೈದು ತೋರಿಸಿ ಇನ್ನೊಂದು ಸುತ್ತು ಬೈಸಿಕೊಂಡವನು ನಾನು. ವಿಠ್ಠಲವಾಡಿಯ ನಮ್ಮ ಚಾಳಿನಲ್ಲಿ ನಾನು ಹೆಚ್ಚು ಕಾಡಿದ್ದು ಪಕ್ಕದ ಖೋಲಿಯ ರಾಯಚೂರು ಕಾಕಾರನ್ನು. ಕಳಂಬೋಲಿಯ ಕಬ್ಬಿಣದ ಮಾರ್ಕೆಟ್‌ನಲ್ಲಿ ಅವರದು ಲೋಡಿಂಗ್ ಕೆಲಸ. ದಿನವಿಡೀ ಸರಳು ಬೀಳುವ ಸದ್ದಿನಲ್ಲಿದ್ದು ಮನೆಯಲ್ಲೂ ಕೂಗಿಯೇ ಮಾತಾಡುತ್ತಿದ್ದರು. ಹೀಗಾಗಿ ಅವರ ಅಣಕು ಸುಲಭ.

ಒಂದು ಬೆಳಿಗ್ಗೆ ಕೆಲಸಕ್ಕೆಂದು ಕಲ್ಯಾಣ ಸ್ಟೇಷನ್ನಿಗೆ ಬಂದೆ. ವಡಾಪಾವ್ ಕಚ್ಚುತ್ತ ಸೇತುವೆ ಇಳಿಯುವಾಗ, ದೂರದೂರಿನ ಗಾಡಿ ಬರುವ ಪ್ಲಾಟ್‌ಫಾರ್ಮಿನಲ್ಲಿ ಕಾಕಾ ಕಂಡರು. ಇಸ್ತ್ರಿ ಮಾಡಿದ ಅಂಗಿ, ಹೆಗಲಿಗೆ ಶಾಲು, ಕೈಯಲ್ಲಿ ತೆಂಗಿನಕಾಯಿ.

"ಎಲ್ಲಿಗೆ ಕಾಕಾ, ಮದುಮಗನ ಹಾಗೆ?"

"ಮಂತ್ರಾಲಯಕ್ಕ."

"ಅದಕ್ಕೆ ಆಚೆ ಕಡೆ ಲೋಕಲ್ ಹಿಡೀಬೇಕು."

"ರಾಯರ ಮಠಕ್ಕ ಲೋಕಲ್ ಯಾವಾಗ ಬಿಟ್ರೋ? ನಿನ್ನೆ ಮಗಳು ಫೋನ್ ಮಾಡಿದ್ಲು. 'ಅಪ್ಪಾ, ಮಂತ್ರಾಲಯಕ್ಕ ಬಾ, ನೀ ಬಂದ್ರ ಸೀಟ್ ಆಗ್ತದ' ಅಂದ್ಲು. ಉಳಿದದ್ದು ಸರಳಿನ ಸದ್ದಿನಾಗ ಕೇಳಲಿಲ್ಲ. ಹರಕಿ ಹೊತ್ತಾಳ ಕೂಸು."

ನನ್ನ ಬಾಯಿ ವಡೆಯ ಸುತ್ತ ಹಾಗೇ ನಿಂತಿತು. ಮಗಳಿಗೆ ನರ್ಸಿಂಗ್ ಸೀಟು ಬಂದಿತ್ತು. ತಂದೆ ಖುದ್ದಾಗಿ ಬಂದು ಮಧ್ಯಾಹ್ನದೊಳಗೆ ಸಹಿ ಹಾಕದಿದ್ದರೆ ಅದು ಇನ್ನೊಬ್ಬರ ಪಾಲು. ಸಹಿ ಮಾಡಬೇಕಾದ ಕಚೇರಿ ಇದ್ದದ್ದು ಮುಂಬೈಯ ಮಂತ್ರಾಲಯದ ಪಕ್ಕದಲ್ಲಿ, ಅಂದರೆ ಈ ರಾಜ್ಯದ ಸಚಿವರು ಕೂರುವ ಕಟ್ಟಡದ ಪಕ್ಕದಲ್ಲಿ. ಹಿಂದಿನ ದಿನವೇ ಆ ಕಡೆಯ ಗೆಳತಿಯ ಮನೆಗೆ ಹೋಗಿದ್ದ ಹುಡುಗಿ ಇದನ್ನೆಲ್ಲ ನಮ್ಮಮ್ಮನಿಗೂ ಫೋನಿನಲ್ಲಿ ಹೇಳಿದ್ದಳು. ರಾಯಚೂರಿನವರಿಗೆ ಮಾತ್ರ ಮಂತ್ರಾಲಯ ಎಂದರೆ ಒಂದೇ, ತುಂಗಭದ್ರೆಯ ದಡದ್ದು.

ಹೇಳಿದೆ. ಕಾಕಾ ನಕ್ಕರು. "ನಿನ್ನ ಆಟ ನನಗ ಗೊತ್ತದ ತಮ್ಮಾ."

ಹುಡುಗಿಗೆ ಫೋನ್ ಹಚ್ಚಿ ಅವರ ಕಿವಿಗಿಟ್ಟೆ.

"ಈ ಧ್ವನಿನೂ ನೀನೇ ಮಾಡಾಕತ್ತೀ," ಎಂದರು ಕಾಕಾ, ನನ್ನನ್ನೇ ನೋಡುತ್ತ. ನಾನು ಬಾಯಿ ತೆರೆದು ಒಳಗಿದ್ದ ವಡಾಪಾವ್ ತೋರಿಸಿದೆ. ಅಷ್ಟರಲ್ಲಿ ರಾಯಚೂರು ದಾಟಿ ಬೆಂಗಳೂರಿಗೆ ಹೋಗುವ ಗಾಡಿ ಬರುತ್ತಿದೆಯೆಂದು ಘೋಷಣೆಯಾಯಿತು. ಫೋನಿನಲ್ಲಿ ಮಗಳು ಗುಳಿಗೆ ನುಂಗಿದೆಯಾ, ತಿಂಡಿ ತಿಂದೆಯಾ, ಹೇಳಿದ್ದನ್ನು ಪೂರ್ತಿ ಕೇಳುವ ಅಭ್ಯಾಸ ಯಾವಾಗ ಬರುತ್ತದೆ ಎಂದು ಉಸಿರುಬಿಡದೆ ಬೈಯುತ್ತಿದ್ದಳು.

"ಬೈಗುಳ ಕೇಳಿದ್ರ ಮಗಳೇ ಹೌದು," ಎಂದರು ಕಾಕಾ. ಬಂದು ನಿಂತ ಗಾಡಿಗೆ ಕೈಮುಗಿದು, ಲೋಕಲ್ ಕಡೆ ಓಡಿದರು. ನಾನು ಹಿಂದೆ.

ಫಾಸ್ಟ್ ಲೋಕಲ್ಲಿಗೆ ಡೊಂಬಿವಲಿಯಲ್ಲಿ ಜನ ಹತ್ತಿದ ಮೇಲೆ ತೆಂಗಿನಕಾಯಿ ನನ್ನ ಪಕ್ಕೆಲುಬಿಗೆ ಒತ್ತಿಕೊಂಡಿತು.

"ಇಷ್ಟು ಮಂದಿ ಎಲ್ಲಿಗೋ?"

"ರಾಜಧಾನಿಗೆ, ಕಾಕಾ."

"ಮಂದಿ ಇಲ್ಲಿ, ರಾಜಧಾನಿ ಅಲ್ಲಿ. ನಮ್ಮ ಕಡಿನೂ ಹಂಗ ನೋಡು. ರಾಯಚೂರಿಂದ ಬೆಂಗಳೂರಿಗೆ ಮುಟ್ಟೂದ್ರಾಗ ಹೈದರಾಬಾದಿಗೆ ಹೋಗಿ ತಿರುಗಿ ಬರಬಹುದು."

ಶಾಲೆಯ ಗೋಡೆಯ ನಕ್ಷೆಗಳು ನೆನಪಾದವು. ಒಂದು ರಾಜ್ಯದ ರಾಜಧಾನಿ ಆಗ್ನೇಯದ ಮೂಲೆಯಲ್ಲಿ, ತಮಿಳುನಾಡಿನ ಬಾಗಿಲು ತಟ್ಟುವಷ್ಟು ಹತ್ತಿರ. ಇನ್ನೊಂದರದ್ದು ಪಶ್ಚಿಮದ ಅಂಚಿನಲ್ಲಿ. ನಾಗಪುರದವನು ಅಲ್ಲಿಗೆ ಮುಟ್ಟುವುದರೊಳಗೆ ಅರ್ಜಿಯ ವಿಷಯ ಮರೆತಿರುತ್ತಾನೆ. ಹೋಟೆಲಿನಲ್ಲಿ ಬಡಿಸಿಯೇ ಬೆನ್ನು ಬಾಗಿದ ಅಪ್ಪ ಹೇಳುವುದುಂಟು: ಪಂಕ್ತಿಯ ತುದಿಯಲ್ಲಿ ಕೂತವನಿಗೆ ಪಾಯಸದ ಜೊತೆ ಪಾತ್ರೆಯ ತಳ ಕೆರೆಯುವ ಸದ್ದೂ ಬರುತ್ತದೆ. ಕಾಕಾ ಎರಡು ರಾಜ್ಯಗಳ ಪಂಕ್ತಿಯಲ್ಲೂ ತುದಿಯಲ್ಲೇ ಕೂತವರು. ಗಾಡಿ ಸಿಗ್ನಲ್ಲಿಗೆ ನಿಂತಾಗಲೆಲ್ಲ ಅವರು ಶಾಲಿನ ಅಂಚು ತಿರುಚುತ್ತಿದ್ದರು. ಅಣಕು ಮಾಡಿ ನಗಿಸೋಣ ಎಂದುಕೊಂಡೆ. ಯಾರ ಧ್ವನಿಯೂ ಬರಲಿಲ್ಲ.

ಕೊನೆಯ ಸ್ಟೇಷನ್ನಿನಿಂದ ಟ್ಯಾಕ್ಸಿ. ಕಚೇರಿಯ ಗೇಟಿನಲ್ಲಿ ಹುಡುಗಿ ಅಪ್ಪನ ಕೈಹಿಡಿದು ಎಳೆದುಕೊಂಡೇ ಹೋದಳು. ತೆಂಗಿನಕಾಯಿ, ಶಾಲು ಹಿಡಿದು ನಾನು ಫುಟ್‌ಪಾತಿನಲ್ಲಿ ಪೂಜಾರಿಯಂತೆ ನಿಂತೆ. ಒಬ್ಬಾಕೆ ಪ್ರಸಾದ ಎಲ್ಲಿ ಎಂದು ಕೇಳಿದಳು.

ಅವರು ಹೊರಬಂದಾಗ ಮಗಳು ಅಳುತ್ತಿದ್ದಳು, ಕಾಕಾ ನಗುತ್ತಿದ್ದರು. ಯಾವುದನ್ನು ನಂಬಬೇಕೆಂದು ತಿಳಿಯದೆ ಇಬ್ಬರ ಮುಖವನ್ನೂ ಸರದಿಯಲ್ಲಿ ನೋಡಿದೆ.

"ಆತು," ಎಂದರು ಕಾಕಾ. ಆ ಒಂದು ಮಾತನ್ನು ಮಾತ್ರ ಅವರು ಕೂಗದೆ ಹೇಳಿದರು.

ಮೂವರೂ ಸಮುದ್ರದ ಕಟ್ಟೆಯ ಮೇಲೆ ಕೂತೆವು. ಕಾಕಾ ನೀರನ್ನು ನೋಡಿ, "ಇನ್ನೊಂದು ಹೆಜ್ಜಿ ಮುಂದ ಕಟ್ಟಿದ್ರ ರಾಜಧಾನಿ ಮುಳುಗತಿತ್ತು," ಎಂದರು. ಕಾಯಿ ಒಡೆಯಲು ಬಿಡಲಿಲ್ಲ. ಅದು ರಾಯರದಂತೆ, ರಜೆ ಸಿಕ್ಕಾಗ ಆ ಮಂತ್ರಾಲಯಕ್ಕೆ ಹೋಗಬೇಕಂತೆ.

ಸಂಜೆ ಚಾಳಿಗೆ ಮರಳಿದಾಗ ಕಾಕಾ ಎಲ್ಲರನ್ನೂ ಕೂರಿಸಿ ಕಥೆ ಹೇಳಿದರು. ನಡುವೆ ಬಾಯಿ ಅಗಲಿಸಿ, ಒಳಗಿನ ವಡಾಪಾವ್ ತೋರಿಸುವಂತೆ ಕಣ್ಣು ಹಿಗ್ಗಿಸಿ, ತೆಳ್ಳನೆಯ ಕರಾವಳಿ ರಾಗದಲ್ಲಿ, "ಅದಕ್ಕೆ ಆಚೆ ಕಡೆ ಲೋಕಲ್ ಹಿಡೀಬೇಕು ಕಾಕಾ" ಎಂದರು. ಅಮ್ಮ ನಕ್ಕು ನಕ್ಕು ಗೋಡೆಗೊರಗಿದಳು. ನನ್ನ ಧ್ವನಿ ಹೇಗಿರುತ್ತದೆ ಎಂದು ನನಗೆ ಗೊತ್ತಾದದ್ದು ಆಗಲೇ.